ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದ ಹೊಸ ಸೌಲಭ್ಯಗಳು: ಕರಾವಳಿಯ ಸಣ್ಣ ಕಚೇರಿಗಳಿಗೆ ಒಂದು ಬಳಕೆಯ ಮಾರ್ಗದರ್ಶಿ

ಮಂಗಳೂರಿನ ಬಂದರು ಪ್ರದೇಶದಲ್ಲಾಗಲಿ, ಉಡುಪಿಯ ರಥಬೀದಿಯ ಸುತ್ತಮುತ್ತಲಾಗಲಿ ಇರುವ ಸಣ್ಣ ಕಚೇರಿಗಳಲ್ಲಿ ಇಮೇಲನ್ನು ಬ್ರೌಸರಿನಲ್ಲಿಯೇ ತೆರೆದು ನೋಡುವುದು ರೂಢಿ. ದಿನಕ್ಕೆ ಹತ್ತಾರು ಪತ್ರಗಳು ಬರುವವರಿಗೆ ಅಷ್ಟು ಸಾಕು. ಪಣಂಬೂರಿನ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರು, ಗೇರುಬೀಜ ಕಾರ್ಖಾನೆಯವರು, ಹಲವು ವ್ಯಾಪಾರಿಗಳ ಲೆಕ್ಕ ನೋಡುವ ಚಾರ್ಟರ್ಡ್ ಅಕೌಂಟೆಂಟರು, ಮೂರು ನಾಲ್ಕು ಖಾತೆಗಳನ್ನು ಒಂದೇ ಕಂಪ್ಯೂಟರಿನಲ್ಲಿ ನಿಭಾಯಿಸಬೇಕಾದ ಶಾಲಾ ಕಚೇರಿಯ ಗುಮಾಸ್ತರು, ಇವರಿಗೆಲ್ಲ ಡೆಸ್ಕ್‌ಟಾಪ್ ಇಮೇಲ್ ತಂತ್ರಾಂಶವೇ ಅನುಕೂಲ. ವಿಂಡೋಸ್‌ನ ಜೊತೆಗೇ ಬರುತ್ತಿದ್ದ ಮೇಲ್ ಆ್ಯಪ್‌ಗೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ಕ್ಕೆ ಬೆಂಬಲವನ್ನು ನಿಲ್ಲಿಸಿದ ಮೇಲೆ, ಅದನ್ನು ಬಳಸುತ್ತಿದ್ದವರು ಹೊಸ ಔಟ್‌ಲುಕ್‌ಗೆ ಹೋಗಬೇಕು ಅಥವಾ ಬೇರೊಂದನ್ನು ಹುಡುಕಬೇಕು ಎಂಬ ಸ್ಥಿತಿ ಬಂತು. ಹೊಸ ಔಟ್‌ಲುಕ್‌ಗೆ ಬೇರೆ ಕಂಪನಿಯ ಇಮೇಲ್ ಖಾತೆಯನ್ನು ಸೇರಿಸಿದರೆ ಅದರ ಪತ್ರಗಳ ಪ್ರತಿಯೊಂದು ಮೈಕ್ರೋಸಾಫ್ಟ್‌ನ ಕ್ಲೌಡ್‌ಗೂ ಹೋಗುತ್ತದೆ. ಇದು ಬೇಡ ಎನ್ನುವವರಿಗೆ ಮೊಜಿಲ್ಲಾ ಬಳಗದ ಥಂಡರ್‌ಬರ್ಡ್ ಒಂದು ಒಳ್ಳೆಯ ಆಯ್ಕೆ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂದ ಈ ತಂತ್ರಾಂಶ ಇಂದಿಗೂ ಉಚಿತವಾಗಿದ್ದು, ಬಳಕೆದಾರರ ದೇಣಿಗೆಯಿಂದ ನಡೆಯುತ್ತಿದೆ.

2023ರ ಜುಲೈಯಲ್ಲಿ ಬಂದ 115ನೇ ಆವೃತ್ತಿಯಿಂದ 2025ರ ಜುಲೈಯ 140ನೇ ಆವೃತ್ತಿಯವರೆಗೆ ಇದರ ಹೊರರೂಪ ಮತ್ತು ಒಳಗಿನ ಏರ್ಪಾಡು ಎರಡೂ ಬಹಳ ಬದಲಾಗಿವೆ. ಹೊಸದೆಂದು ಹೇಳುವ ಎಲ್ಲವೂ ನಮ್ಮ ಕಚೇರಿಗಳಿಗೆ ಬೇಕಾಗಿಲ್ಲ. ಒಂದು ಕಂಪ್ಯೂಟರಿಗೆ ಇಬ್ಬರು ಮೂವರು ಕೈಹಾಕುವ, ಮಳೆಗಾಲದಲ್ಲಿ ಇಂಟರ್‌ನೆಟ್ಟನ್ನು ನೆಚ್ಚಿಕೊಳ್ಳಲಾಗದ ಜಾಗದಲ್ಲಿ ಯಾವುದನ್ನು ಮೊದಲು ಹೊಂದಿಸಬೇಕು, ಯಾವುದನ್ನು ಮುಟ್ಟದೆ ಬಿಡಬಹುದು ಎಂಬುದನ್ನು ಆ ಕ್ರಮದಲ್ಲಿಯೇ ಇಲ್ಲಿ ವಿವರಿಸಲಾಗಿದೆ.

ಅಪ್‌ಡೇಟ್‌ಗೆ ಮೊದಲು

ಅಪ್‌ಡೇಟ್ ಮಾಡುವ ದಿನವನ್ನು ಆರಿಸಿಕೊಳ್ಳುವುದೂ ಕೆಲಸದ ಭಾಗವೇ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿಗಳಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಕು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಕು ಕೊನೆಯ ದಿನವಾದ್ದರಿಂದ, ಲೆಕ್ಕಪತ್ರದ ಕಚೇರಿಗಳು ಆ ದಿನಗಳ ಹಿಂದುಮುಂದಿನಲ್ಲಿ ಇಮೇಲ್ ತಂತ್ರಾಂಶದ ಸುದ್ದಿಗೆ ಹೋಗಬಾರದು. ತಿಂಗಳ ಕೊನೆಯ ವಾರದ ಒಂದು ಶನಿವಾರ ಮಧ್ಯಾಹ್ನ ಇದಕ್ಕೆ ಸರಿಯಾದ ಹೊತ್ತು.

ಈಗ ಯಾವ ಆವೃತ್ತಿ ಇದೆ ಎಂಬುದನ್ನು ಬಲತುದಿಯ ಮೂರು ಗೆರೆಗಳ ಮೆನುವನ್ನು ಒತ್ತಿ, ಹೆಲ್ಪ್‌ನಲ್ಲಿರುವ ಅಬೌಟ್ ಥಂಡರ್‌ಬರ್ಡ್ ತೆರೆದು ತಿಳಿಯಬಹುದು. ವಿಂಡೋಸ್ 7 ಅಥವಾ 8 ಇರುವ ಹಳೆಯ ಕಂಪ್ಯೂಟರುಗಳಲ್ಲಿ 115ರಿಂದ ಮುಂದಿನದು ಓಡುವುದಿಲ್ಲ. ಅಲ್ಲಿ ಮೊದಲು ಕಂಪ್ಯೂಟರನ್ನು ಬದಲಿಸುವ ವಿಚಾರ ಮಾಡಬೇಕು. ಉಳಿದವರ ಮುಂದೆ ಎರಡು ದಾರಿಗಳಿವೆ. ಒಂದು, ತಿಂಗಳಿಗೊಮ್ಮೆ ಹೊಸ ಸೌಲಭ್ಯಗಳೊಂದಿಗೆ ಬರುವ ಮಾಸಿಕ ಆವೃತ್ತಿ. 2025ರ ಮಾರ್ಚ್‌ನಿಂದ ಥಂಡರ್‌ಬರ್ಡ್‌ನ ಜಾಲತಾಣದಲ್ಲಿ ಡೌನ್‌ಲೋಡ್ ಗುಂಡಿಯನ್ನು ಒತ್ತಿದರೆ ಸಿಗುವುದು ಇದೇ. ಇನ್ನೊಂದು, ವರ್ಷಕ್ಕೊಮ್ಮೆ ಬದಲಾಗುವ, ನಡುವೆ ಸುರಕ್ಷತೆಯ ತಿದ್ದುಪಡಿಗಳನ್ನು ಮಾತ್ರ ಪಡೆಯುವ ಇಎಸ್‌ಆರ್ ಆವೃತ್ತಿ. ಮನೆಯಲ್ಲಿ ಒಬ್ಬರೇ ಬಳಸುವುದಾದರೆ ಮಾಸಿಕ ಆವೃತ್ತಿಯಿಂದ ತೊಂದರೆಯಿಲ್ಲ. ಕಚೇರಿಗೆ ಇಎಸ್‌ಆರ್ ಸಾಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಗುಂಡಿಗಳ ಜಾಗ ತಿಂಗಳು ತಿಂಗಳೂ ಬದಲಾಗುವುದು ಕೆಲಸ ಮಾಡುವವರ ತಾಳ್ಮೆಯನ್ನು ಕೆಡಿಸುತ್ತದೆ.

ಬ್ಯಾಕಪ್ ಮಾಡದೆ ಮುಂದಿನ ಹೆಜ್ಜೆ ಇಡಬಾರದು. ಮೂರು ಗೆರೆಗಳ ಮೆನುವಿನ ಟೂಲ್ಸ್‌ನಲ್ಲಿರುವ ಎಕ್ಸ್‌ಪೋರ್ಟ್ ಇಡೀ ಪ್ರೊಫೈಲನ್ನು, ಅಂದರೆ ಪತ್ರಗಳು, ವಿಳಾಸಗಳು, ಫಿಲ್ಟರುಗಳು, ಸೆಟ್ಟಿಂಗ್‌ಗಳೆಲ್ಲವನ್ನೂ, ಒಂದು ಜಿಪ್ ಕಡತವಾಗಿ ಕಟ್ಟಿಕೊಡುತ್ತದೆ. ಆದರೆ ಪ್ರೊಫೈಲ್ 2 ಜಿಬಿಗಿಂತ ದೊಡ್ಡದಾಗಿದ್ದರೆ ಈ ದಾರಿ ನಡೆಯುವುದಿಲ್ಲ, ಮತ್ತು ಐದಾರು ವರ್ಷದ ಇನ್‌ವಾಯ್ಸ್‌ಗಳನ್ನು ಇಟ್ಟುಕೊಂಡ ಯಾವ ಕಚೇರಿಯ ಪ್ರೊಫೈಲೂ ಅಷ್ಟಕ್ಕೆ ನಿಲ್ಲುವುದು ಅಪರೂಪ. ಅಂಥವರು ಹೆಲ್ಪ್‌ನ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಪುಟದಲ್ಲಿ ಪ್ರೊಫೈಲ್ ಫೋಲ್ಡರ್ ಎಂಬ ಸಾಲಿನ ಎದುರಿನ ಓಪನ್ ಫೋಲ್ಡರ್ ಒತ್ತಿ, ಆ ಫೋಲ್ಡರ್ ಎಲ್ಲಿದೆ ಎಂಬುದನ್ನು ನೋಡಿಕೊಂಡು, ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿದ ನಂತರ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಬೇಕು. ತಂತ್ರಾಂಶ ತೆರೆದಿರುವಾಗಲೇ ನಕಲು ಮಾಡಿದರೆ ಅರ್ಧ ಬರೆದ ಕಡತಗಳು ಸೇರಿಕೊಳ್ಳುವ ಸಂಭವವಿದೆ. ಈ ಪ್ರತಿ ಇನ್ನೊಂದು ಕಾರಣಕ್ಕೂ ಬೇಕು: ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯ ಆವೃತ್ತಿ ಮತ್ತೆ ತೆರೆಯಲು ಒಪ್ಪುವುದಿಲ್ಲವಾದ್ದರಿಂದ, ಹಿಂದಕ್ಕೆ ಹೋಗಬೇಕೆನಿಸಿದರೆ ಇರುವ ಸುಲಭದ ದಾರಿ ಇದೊಂದೇ.

ಖಾತೆಗಳನ್ನು ಸೇರಿಸುವುದು

140ನೇ ಆವೃತ್ತಿಯಲ್ಲಿ ಅಕೌಂಟ್ ಹಬ್ ಎಂಬ ಹೊಸ ಕಿಟಕಿ ಬಂದಿದೆ. ಹೆಸರು, ಇಮೇಲ್ ವಿಳಾಸ ಕೊಟ್ಟರೆ ಸರ್ವರಿನ ವಿವರಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಜಿಮೇಲ್ ಖಾತೆಯಾದರೆ ಗೂಗಲ್‌ನ ಲಾಗಿನ್ ಪುಟವೊಂದು ತೆರೆದುಕೊಂಡು, ಅಲ್ಲಿಯೇ ಪಾಸ್‌ವರ್ಡ್ ಕೊಟ್ಟು ಅನುಮತಿ ನೀಡಬೇಕಾಗುತ್ತದೆ. ಹಿಂದೆ ಮಾಡುತ್ತಿದ್ದಂತೆ ಸರ್ವರ್ ಸೆಟ್ಟಿಂಗ್‌ನಲ್ಲಿ ಪಾಸ್‌ವರ್ಡನ್ನು ನೇರವಾಗಿ ಬರೆದರೆ ನಡೆಯುವುದಿಲ್ಲ. ಹಳೆಯ ಖಾತೆಯೊಂದು ಪದೇಪದೇ ಪಾಸ್‌ವರ್ಡ್ ಕೇಳುತ್ತಿದ್ದರೆ, ಅಕೌಂಟ್ ಸೆಟ್ಟಿಂಗ್ಸ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಅಥೆಂಟಿಕೇಶನ್ ಮೆಥಡ್ ಎಂಬಲ್ಲಿ ಓಆತ್2 (ಮೇಲೆ ಹೇಳಿದ ಲಾಗಿನ್ ಪುಟದ ಮೂಲಕ ಅನುಮತಿ ಪಡೆಯುವ ವಿಧಾನ) ಆರಿಸಿದೆಯೇ ಎಂದು ನೋಡಬೇಕು. ಹೊರಹೋಗುವ ಸರ್ವರಿಗೂ ಇದೇ ಬದಲಾವಣೆ ಬೇಕು, ಮತ್ತು ಇದನ್ನು ಮರೆಯುವವರೇ ಹೆಚ್ಚು. ಪತ್ರ ಬರುತ್ತದೆ, ಆದರೆ ಹೋಗುವುದಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ಕಂಪನಿಯ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಕಚೇರಿ ಇಮೇಲ್ ವ್ಯವಸ್ಥೆ) ಖಾತೆ ಇರುವವರಿಗೆ 2025ರ ನವೆಂಬರಿನ 145ನೇ ಮಾಸಿಕ ಆವೃತ್ತಿಯಿಂದ ಆ್ಯಡ್‌ಆನ್ (ಹೊರಗಿನಿಂದ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇಲ್ಲದೆಯೇ ಖಾತೆ ಸೇರಿಸುವ ಅವಕಾಶ ದೊರೆತಿದೆ. ಇಎಸ್‌ಆರ್ ಸಾಕು ಎಂಬ ಮೇಲಿನ ಮಾತಿಗೆ ಇದೊಂದು ಅಪವಾದ.

ಹಲವು ಖಾತೆಗಳಿರುವಲ್ಲಿ ಸಣ್ಣದಾದರೂ ಬಹಳ ಉಪಕಾರಿಯಾದ ಸೌಲಭ್ಯವೆಂದರೆ 128ನೇ ಆವೃತ್ತಿಯಲ್ಲಿ ಬಂದ ಖಾತೆಯ ಬಣ್ಣ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಖಾತೆಯ ಹೆಸರಿನ ಬಳಿ ಬಣ್ಣ ಆರಿಸುವ ಚೌಕವಿದೆ. ಅಲ್ಲಿ ಕೊಟ್ಟ ಬಣ್ಣ ಹೊಸ ಪತ್ರ ಬರೆಯುವಾಗ ಫ್ರಮ್ ಸಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಾಲೀಕರ ಸ್ವಂತ ಖಾತೆಗೆ ಒಂದು ಬಣ್ಣ, ಕಚೇರಿಯ ಖಾತೆಗೆ ಇನ್ನೊಂದು ಬಣ್ಣ ಎಂದು ಇಟ್ಟುಕೊಂಡರೆ, ಬ್ಯಾಂಕಿಗೆ ಹೋಗಬೇಕಾದ ಪತ್ರ ತಪ್ಪು ವಿಳಾಸದಿಂದ ಹೊರಡುವುದು ಎಷ್ಟೋ ಕಡಿಮೆಯಾಗುತ್ತದೆ.

ಕಾರ್ಡ್ ನೋಟವೋ, ಟೇಬಲ್ ನೋಟವೋ

ಹೊಸ ಥಂಡರ್‌ಬರ್ಡ್ ತೆರೆದೊಡನೆ ಹಳಬರಿಗೆ ಗೊಂದಲವಾಗುವುದು ಪತ್ರಗಳ ಪಟ್ಟಿಯನ್ನು ನೋಡಿ. ಹಿಂದೆ ಸಾಲುಸಾಲಾಗಿ, ಕಂಬಗಳಲ್ಲಿ ಕಾಣುತ್ತಿದ್ದ ಪತ್ರಗಳು ಈಗ ಒಂದೊಂದೂ ಒಂದು ಚೀಟಿಯಂತೆ, ಕಳುಹಿಸಿದವರ ಹೆಸರು ಒಂದು ಸಾಲಿನಲ್ಲಿಯೂ ವಿಷಯ ಇನ್ನೊಂದು ಸಾಲಿನಲ್ಲಿಯೂ ಇರುವ ಹಾಗೆ ಕಾಣುತ್ತವೆ. ಇದು ಕಾರ್ಡ್ ನೋಟ. ಪಟ್ಟಿಯ ಮೇಲ್ತುದಿಯಲ್ಲಿ ಬಲಕ್ಕಿರುವ ಚಿಹ್ನೆಯನ್ನು ಒತ್ತಿದರೆ ಇದನ್ನು ಟೇಬಲ್ ನೋಟಕ್ಕೆ ಬದಲಿಸಬಹುದು. ಮೊದಲೆಲ್ಲ ಇದನ್ನು ಫೋಲ್ಡರ್ ಫೋಲ್ಡರಿಗೂ ಬೇರೆಬೇರೆಯಾಗಿ ಮಾಡಬೇಕಿತ್ತು. 140ರಲ್ಲಿ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ವಿಭಾಗದಿಂದ ಎಲ್ಲ ಫೋಲ್ಡರುಗಳಿಗೂ ಒಮ್ಮೆಲೇ ಅನ್ವಯಿಸಬಹುದು.

ಎರಡರಲ್ಲಿ ಯಾವುದು ಒಳ್ಳೆಯದು ಎಂಬುದು ಕೆಲಸವನ್ನು ಅವಲಂಬಿಸಿದೆ. ಓದಿ ಉತ್ತರಿಸುವುದೇ ಮುಖ್ಯವಾದವರಿಗೆ ಕಾರ್ಡ್ ನೋಟ ಕಣ್ಣಿಗೆ ಹಿತ. ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಹಾಗಲ್ಲ. ಒಂದೇ ಹಡಗಿನ ಬಗ್ಗೆ ಶಿಪ್ಪಿಂಗ್ ಲೈನಿನಿಂದ, ಆಮದುದಾರರಿಂದ, ಗೋದಾಮಿನಿಂದ ಬಂದ ಪತ್ರಗಳನ್ನು ತಾರೀಕಿನ ಪ್ರಕಾರ, ಕಳುಹಿಸಿದವರ ಪ್ರಕಾರ, ಕೆಲವೊಮ್ಮೆ ಗಾತ್ರದ ಪ್ರಕಾರವೂ ಜೋಡಿಸಿ ನೋಡಬೇಕಾಗುತ್ತದೆ, ಮತ್ತು ಕಂಬದ ತಲೆಯನ್ನು ಒತ್ತಿದೊಡನೆ ಜೋಡಣೆ ಬದಲಾಗುವ ಟೇಬಲ್ ನೋಟಕ್ಕೆ ಅಲ್ಲಿ ಸಾಟಿಯಿಲ್ಲ. ಹೊಸದು ಎಂಬ ಒಂದೇ ಕಾರಣಕ್ಕೆ ಕಾರ್ಡ್ ನೋಟವನ್ನು ಎಲ್ಲರ ಮೇಲೂ ಹೇರಬೇಕಾಗಿಲ್ಲ.

ಅಕ್ಷರ ಸಣ್ಣದಾಯಿತು ಎನ್ನುವ ಹಿರಿಯರಿಗೆ ಮೂರು ಗೆರೆಗಳ ಮೆನುವಿನಲ್ಲಿಯೇ ಫಾಂಟ್ ಸೈಜ್ ಮತ್ತು ಡೆನ್ಸಿಟಿ ಎಂಬ ಎರಡು ಆಯ್ಕೆಗಳಿವೆ. ಡೆನ್ಸಿಟಿಯನ್ನು ರಿಲ್ಯಾಕ್ಸ್ಡ್‌ಗೆ ಇಟ್ಟರೆ ಸಾಲುಗಳ ನಡುವೆ ಜಾಗ ಹೆಚ್ಚುತ್ತದೆ, ಕಾಂಪ್ಯಾಕ್ಟ್‌ಗೆ ಇಟ್ಟರೆ ಸಣ್ಣ ಪರದೆಯಲ್ಲಿ ಹೆಚ್ಚು ಪತ್ರಗಳು ಹಿಡಿಸುತ್ತವೆ. ಗಾಢ ಬಣ್ಣದ ಥೀಮ್ ಬಳಸುವವರಿಗೆ 140ರಿಂದ ಪತ್ರದ ಒಳಭಾಗವೂ ಗಾಢವಾಗಿ ಕಾಣುವ ವ್ಯವಸ್ಥೆಯಿದೆ. ಬಣ್ಣದ ಪಟ್ಟಿಗಳಿರುವ ಕೋಷ್ಟಕಗಳು ಇದರಲ್ಲಿ ವಿಚಿತ್ರವಾಗಿ ಕಂಡರೆ ಪತ್ರದ ತಲೆಭಾಗದಲ್ಲಿರುವ ಗುಂಡಿಯಿಂದ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು.

ಕಾಣೆಯಾದ ಇನ್‌ಬಾಕ್ಸ್

"ಮಾರಾಯ್ರೇ, ಇನ್‌ಬಾಕ್ಸೇ ಕಾಣುವುದಿಲ್ಲ!" ಎಂಬ ಫೋನ್ ಬಂದರೆ ಹೆದರಬೇಕಾಗಿಲ್ಲ, ಹೆಚ್ಚಿನ ಸಲ ಏನೂ ಅಳಿಸಿಹೋಗಿರುವುದಿಲ್ಲ. ಎಡಬದಿಯ ಫೋಲ್ಡರ್ ಪಟ್ಟಿಯ ಮೇಲೆ ನ್ಯೂ ಮೆಸೇಜ್ ಗುಂಡಿಯ ಪಕ್ಕದಲ್ಲಿ ಮೂರು ಚುಕ್ಕಿಗಳಿವೆ. ಅದರೊಳಗಿನ ಫೋಲ್ಡರ್ ಮೋಡ್ಸ್‌ನಲ್ಲಿ ಆಲ್, ಯೂನಿಫೈಡ್, ಅನ್‌ರೆಡ್, ಫೇವರಿಟ್, ರೀಸೆಂಟ್, ಟ್ಯಾಗ್ಸ್ ಎಂಬ ಆಯ್ಕೆಗಳಿದ್ದು, ಒಂದಕ್ಕಿಂತ ಹೆಚ್ಚನ್ನು ಒಟ್ಟಿಗೆ ಆರಿಸಬಹುದು. ಯಾರಾದರೂ ಗೊತ್ತಿಲ್ಲದೆ ಆಲ್ ತೆಗೆದು ಅನ್‌ರೆಡ್ ಮಾತ್ರ ಉಳಿಸಿದ್ದರೆ, ಓದದ ಪತ್ರವಿಲ್ಲದ ಫೋಲ್ಡರುಗಳೆಲ್ಲ ಮರೆಯಾಗುತ್ತವೆ. ಆಲ್ ಎದುರಿನ ಗುರುತನ್ನು ಮತ್ತೆ ಹಾಕಿದರೆ ಸಾಕು. ಇದೇ ಬಗೆಯ ಇನ್ನೊಂದು ಗಾಬರಿಗೆ ಕಾರಣ ಕ್ವಿಕ್ ಫಿಲ್ಟರ್. ಕಂಟ್ರೋಲ್, ಶಿಫ್ಟ್, ಕೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಈ ಪಟ್ಟಿಯಲ್ಲಿ ಒಂದು ಪಿನ್ ಚಿಹ್ನೆಯಿದೆ. ಅದು ಒತ್ತಿಕೊಂಡಿದ್ದರೆ ಒಂದು ಫೋಲ್ಡರಿನಲ್ಲಿ ಹಾಕಿದ ಶೋಧನೆ ಮುಂದಿನ ಫೋಲ್ಡರಿಗೂ ಹಿಂಬಾಲಿಸಿಕೊಂಡು ಬಂದು, ಅರ್ಧ ಪತ್ರಗಳನ್ನು ಅಡಗಿಸುತ್ತದೆ.

ಒಳಗಿನ ಫೋಲ್ಡರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿಯೇ ಸಹಿಸಿಕೊಳ್ಳಬೇಕಾದ ಕಾಲವೂ ಮುಗಿದಿದೆ. 140ರಿಂದ ಅವುಗಳನ್ನು ಮೌಸಿನಿಂದ ಎಳೆದು ಬೇಕಾದ ಕ್ರಮದಲ್ಲಿ ಇಟ್ಟುಕೊಳ್ಳಬಹುದು. ತೆರಿಗೆ, ಬ್ಯಾಂಕ್, ಬಂದರು ಎಂದು ಕನ್ನಡದಲ್ಲಿಯೇ ಹೆಸರಿಟ್ಟರೂ ಅಡ್ಡಿಯಿಲ್ಲ.

ಟ್ಯಾಗ್ ಮತ್ತು ಫಿಲ್ಟರ್

ಫೋಲ್ಡರುಗಳನ್ನು ಹೆಚ್ಚಿಸುತ್ತ ಹೋಗುವುದಕ್ಕಿಂತ ಟ್ಯಾಗ್ ಬಳಸುವುದು ಉತ್ತಮ. ಪತ್ರವನ್ನು ಆರಿಸಿ 1ರಿಂದ 5ರವರೆಗಿನ ಯಾವುದಾದರೂ ಅಂಕಿಯನ್ನು ಒತ್ತಿದರೆ ಇಂಪಾರ್ಟೆಂಟ್, ವರ್ಕ್, ಪರ್ಸನಲ್, ಟು ಡೂ, ಲೇಟರ್ ಎಂಬ ಐದರಲ್ಲಿ ಒಂದು ಟ್ಯಾಗ್ ಬೀಳುತ್ತದೆ. 0 ಒತ್ತಿದರೆ ಎಲ್ಲ ಟ್ಯಾಗ್‌ಗಳೂ ತೆಗೆದುಹೋಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಇವುಗಳ ಹೆಸರನ್ನು ಬದಲಿಸಬಹುದು. 'ಹಣ ಬರಬೇಕು', 'ಉತ್ತರ ಬಾಕಿ', 'ಸಹಿ ಆಗಬೇಕು' ಎಂದು ಮೂರು ಟ್ಯಾಗ್‌ಗಳನ್ನು ಮಾಡಿಕೊಂಡ ಕಚೇರಿಯಲ್ಲಿ ಬೆಳಗ್ಗೆ ಬಂದು ಕುಳಿತವರು ಫೋಲ್ಡರ್ ಮೋಡ್ಸ್‌ನ ಟ್ಯಾಗ್ಸ್ ನೋಟವನ್ನು ತೆರೆದರೆ, ಎಲ್ಲ ಖಾತೆಗಳಲ್ಲೂ ಹಣ ಬರಬೇಕಾದ ಪತ್ರಗಳು ಒಂದೇ ಕಡೆ ಸಿಗುತ್ತವೆ. ಪತ್ರ ಮಾತ್ರ ಅದರ ಮೂಲ ಫೋಲ್ಡರಿನಲ್ಲಿಯೇ ಉಳಿದಿರುತ್ತದೆ. 115ರಲ್ಲಿ ಬಂದ ಈ ನೋಟ ಹೊಸ ಸೌಲಭ್ಯಗಳಲ್ಲೆಲ್ಲ ಹೆಚ್ಚು ಉಪಯುಕ್ತವೆಂದು ನನಗನಿಸುತ್ತದೆ, ಆದರೂ ಇದರ ಬಗ್ಗೆ ಮಾತಾಡುವವರು ಕಡಿಮೆ.

ಟ್ಯಾಗನ್ನು ತಾನಾಗಿಯೇ ಹಾಕಿಸಲು ಟೂಲ್ಸ್‌ನ ಮೆಸೇಜ್ ಫಿಲ್ಟರ್ಸ್‌ಗೆ ಹೋಗಿ, ಯಾರಿಂದ ಬಂದರೆ ಅಥವಾ ವಿಷಯದಲ್ಲಿ ಯಾವ ಪದವಿದ್ದರೆ ಏನು ಮಾಡಬೇಕು ಎಂದು ನಿಯಮ ಬರೆಯಬೇಕು. ಬರೆದ ಮೇಲೆ ರನ್ ನೌ ಒತ್ತಿ ಹಳೆಯ ಪತ್ರಗಳ ಮೇಲೆ ಪ್ರಯೋಗಿಸಿ ನೋಡುವುದು ಒಳ್ಳೆಯದು. ಪತ್ರವನ್ನು ಅಳಿಸುವ ನಿಯಮವನ್ನು ಮಾತ್ರ ಕಚೇರಿಯ ಕಂಪ್ಯೂಟರಿನಲ್ಲಿ ಬರೆಯಲೇಬಾರದು.

ಮಳೆಗಾಲದ ಸಿದ್ಧತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು, ಕೇಬಲ್ ಎರಡೂ ಹೋಗುವುದು ಹೊಸತೇನಲ್ಲ. ಇನ್‌ವರ್ಟರಿನಲ್ಲಿ ಕಂಪ್ಯೂಟರ್ ಓಡುತ್ತಿದ್ದು ಇಂಟರ್‌ನೆಟ್ ಇಲ್ಲದ ಅಂಥ ಹೊತ್ತಿನಲ್ಲಿ ಬ್ರೌಸರಿನ ಇಮೇಲ್ ಸಾಮಾನ್ಯವಾಗಿ ಕೈಕೊಡುತ್ತದೆ, ಥಂಡರ್‌ಬರ್ಡ್ ಕೆಲಸಕ್ಕೆ ಬರುತ್ತದೆ. ಅದಕ್ಕಾಗಿ ಅಕೌಂಟ್ ಸೆಟ್ಟಿಂಗ್ಸ್‌ನ ಸಿಂಕ್ರೊನೈಸೇಶನ್ ಆ್ಯಂಡ್ ಸ್ಟೋರೇಜ್ ವಿಭಾಗದಲ್ಲಿ, ಈ ಖಾತೆಯ ಎಲ್ಲ ಫೋಲ್ಡರುಗಳ ಪತ್ರಗಳನ್ನೂ ಈ ಕಂಪ್ಯೂಟರಿನಲ್ಲಿ ಇರಿಸಿಕೋ ಎಂಬ ಅರ್ಥದ ಮೊದಲ ಸಾಲಿಗೆ ಗುರುತು ಇದೆಯೇ ಎಂದು ಮೇ ತಿಂಗಳಲ್ಲಿಯೇ ನೋಡಿಕೊಳ್ಳಬೇಕು. ಜಿಮೇಲ್ ಬಳಸುವವರು ಅದೇ ಪುಟದ ಅಡ್ವಾನ್ಸ್ಡ್ ಗುಂಡಿ ಒತ್ತಿ, ಆಲ್ ಮೇಲ್ ಫೋಲ್ಡರಿನ ಗುರುತನ್ನು ತೆಗೆಯುವುದು ಲೇಸು. ಇಲ್ಲವಾದರೆ ಇನ್‌ಬಾಕ್ಸಿನಲ್ಲಿರುವ ಪತ್ರವೇ ಅಲ್ಲಿಯೂ ಇಳಿದು, ಡಿಸ್ಕಿನಲ್ಲಿ ಎರಡು ಪಾಲು ಜಾಗ ತಿನ್ನುತ್ತದೆ.

ಸಂಪರ್ಕವಿಲ್ಲದಾಗ ಬರೆದ ಪತ್ರಕ್ಕೆ ಸೆಂಡ್ ಬದಲು ಕಂಟ್ರೋಲ್, ಶಿಫ್ಟ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಔಟ್‌ಬಾಕ್ಸಿಗೆ ಹೋಗಿ ಕಾಯುತ್ತದೆ. ಇಂಟರ್‌ನೆಟ್ ಮರಳಿದ ಮೇಲೆ ಫೈಲ್ ಮೆನುವಿನ ಸೆಂಡ್ ಅನ್‌ಸೆಂಟ್ ಮೆಸೇಜಸ್ ಒತ್ತಬೇಕು. ಹಳೆಯ ಮೆನು ಪಟ್ಟಿ ಕಾಣದಿದ್ದರೆ ಆಲ್ಟ್ ಕೀಲಿಯನ್ನು ಒಮ್ಮೆ ಒತ್ತಿದರೆ ಅದು ಮೇಲೆ ಮೂಡುತ್ತದೆ.

ಕನ್ನಡದ ಪತ್ರಗಳು

ಯೂನಿಕೋಡ್‌ನಲ್ಲಿ ಬರೆದ ಕನ್ನಡಕ್ಕೆ ಥಂಡರ್‌ಬರ್ಡ್‌ನಲ್ಲಿ ಯಾವ ತೊಡಕೂ ಇಲ್ಲ. ಅಕ್ಷರ ತೀರ ತೆಳುವಾಗಿಯೋ ಸಣ್ಣದಾಗಿಯೋ ಕಂಡರೆ ಸೆಟ್ಟಿಂಗ್ಸ್‌ನ ಫಾಂಟ್ ವಿಭಾಗದಲ್ಲಿ ಅಡ್ವಾನ್ಸ್ಡ್ ಒತ್ತಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ, ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನೂ ಗಾತ್ರವನ್ನೂ ಕೊಡಬೇಕು. ಲ್ಯಾಟಿನ್ ಎಂಬಲ್ಲಿ ಎಷ್ಟು ಬದಲಿಸಿದರೂ ಕನ್ನಡದ ಮೇಲೆ ಪರಿಣಾಮವಾಗುವುದಿಲ್ಲ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದು ಅಂಟಿಸಿದ ಪತ್ರ ಮಾತ್ರ ಓದುವವರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ಯಾವ ಇಮೇಲ್ ತಂತ್ರಾಂಶವೂ ಸರಿಪಡಿಸಲಾರದು. ಯೂನಿಕೋಡ್‌ಗೆ ಪರಿವರ್ತಿಸಿ ಕಳುಹಿಸಬೇಕು ಅಥವಾ ಪಿಡಿಎಫ್ ಮಾಡಿ ಲಗತ್ತಿಸಬೇಕು.

ಲಗತ್ತಿನ ಮಾತು ಬಂದುದರಿಂದ ಒಂದು ಸಲಹೆ. ಪತ್ರದಲ್ಲಿ ಅಟ್ಯಾಚ್ಡ್ ಎಂಬರ್ಥದ ಇಂಗ್ಲಿಷ್ ಪದವಿದ್ದು ಕಡತವನ್ನು ಸೇರಿಸಲು ಮರೆತಿದ್ದರೆ ಥಂಡರ್‌ಬರ್ಡ್ ಎಚ್ಚರಿಸುತ್ತದೆ. ಸೆಟ್ಟಿಂಗ್ಸ್‌ನ ಕಾಂಪೊಸಿಷನ್ ವಿಭಾಗದಲ್ಲಿರುವ ಕೀವರ್ಡ್ಸ್ ಗುಂಡಿ ಒತ್ತಿ, ಆ ಪಟ್ಟಿಗೆ 'ಲಗತ್ತಿಸಿದ್ದೇನೆ', 'ಲಗತ್ತಿಸಲಾಗಿದೆ', 'ಲಗತ್ತಿಸಿದೆ' ಎಂಬ ಕನ್ನಡದ ರೂಪಗಳನ್ನೂ ಸೇರಿಸಬಹುದು. ನಮ್ಮ ವ್ಯಾಕರಣ ಅದಕ್ಕೆ ತಿಳಿಯದಾದ್ದರಿಂದ ಪ್ರತಿಯೊಂದು ರೂಪವನ್ನೂ ಬೇರೆಯಾಗಿಯೇ ಬರೆದು, ತಮಗೆ ತಾವೇ ಒಂದು ಪತ್ರ ಬರೆದು ಪರೀಕ್ಷಿಸಿಕೊಳ್ಳಬೇಕು.

ಹಂಚಿಕೊಂಡ ಕಂಪ್ಯೂಟರ್ ಮತ್ತು ಮೊಬೈಲ್

ಹೊಸ ನೋಟಿಫಿಕೇಶನ್‌ಗಳು ವಿಂಡೋಸ್‌ನದೇ ಶೈಲಿಯಲ್ಲಿ ಬರುತ್ತವೆ, ಮತ್ತು ಅಲ್ಲಿಂದಲೇ ಪತ್ರವನ್ನು ಓದಿದ್ದೆಂದು ಗುರುತಿಸುವ ಅಥವಾ ಅಳಿಸುವ ಗುಂಡಿಗಳನ್ನು ಇರಿಸಿಕೊಳ್ಳಬಹುದು. ಗಿರಾಕಿಗಳು ಎದುರಿಗೇ ಕುಳಿತು ಪರದೆಯನ್ನು ನೋಡುವ ಕಚೇರಿಯಲ್ಲಿ ಇದನ್ನು ಪೂರ್ತಿ ನಿಲ್ಲಿಸಿಡುವುದೇ ವಾಸಿ.

ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿರುವ ಪ್ರೈಮರಿ ಪಾಸ್‌ವರ್ಡನ್ನು ಹಾಕಿಡದಿದ್ದರೆ, ಕಂಪ್ಯೂಟರಿನ ಮುಂದೆ ಕುಳಿತ ಯಾರೇ ಆಗಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ತೆರೆದು ಓದಬಹುದು. ಆದರೆ ಈಗಾಗಲೇ ಇಳಿಸಿಕೊಂಡ ಪತ್ರಗಳಿಗೆ ಅದು ಬೀಗವಲ್ಲ. ಪತ್ರಗಳನ್ನೂ ಕಾಪಾಡಬೇಕಾದರೆ ಪ್ರತಿಯೊಬ್ಬರಿಗೂ ಬೇರೆಬೇರೆ ವಿಂಡೋಸ್ ಬಳಕೆದಾರ ಖಾತೆ ಮಾಡಿಕೊಡಬೇಕು.

ಆಂಡ್ರಾಯ್ಡ್‌ಗೆ ಥಂಡರ್‌ಬರ್ಡ್ 2024ರ ಅಕ್ಟೋಬರಿನಲ್ಲಿ ಬಂದಿದೆ. ಅದು ಹಿಂದಿನ ಕೆ-9 ಮೇಲ್‌ನ ಮುಂದುವರಿಕೆ. ಡೆಸ್ಕ್‌ಟಾಪಿನ ಖಾತೆಗಳನ್ನು ಫೋನಿಗೆ ದಾಟಿಸಲು ಟೂಲ್ಸ್‌ನ ಎಕ್ಸ್‌ಪೋರ್ಟ್ ಫಾರ್ ಮೊಬೈಲ್ ತೆರೆದು, ಬೇಕಾದ ಖಾತೆಗಳನ್ನಷ್ಟೇ ಆರಿಸಿ, ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಫೋನಿನ ಆ್ಯಪ್‌ನಿಂದ ಸ್ಕ್ಯಾನ್ ಮಾಡಬೇಕು. ಖಾತೆಗಳು ಹೆಚ್ಚಿದ್ದರೆ ಒಂದರ ನಂತರ ಒಂದರಂತೆ ಹಲವು ಕೋಡ್‌ಗಳು ಬರುತ್ತವೆ. ಜಿಮೇಲ್‌ನಂಥ ಖಾತೆಗಳಿಗೆ ಫೋನಿನಲ್ಲಿ ಮತ್ತೊಮ್ಮೆ ಲಾಗಿನ್ ಆಗಬೇಕು. ಪಾಸ್‌ವರ್ಡುಗಳನ್ನೂ ಸೇರಿಸು ಎಂಬ ಆಯ್ಕೆಗೆ ಗುರುತು ಹಾಕಿದ್ದರೆ ಆ ಕೋಡಿನೊಳಗೇ ಪಾಸ್‌ವರ್ಡ್ ಇರುತ್ತದೆ. ಆದ್ದರಿಂದ ಊರಿಗೆ ಹೋದ ಸಹೋದ್ಯೋಗಿ ಕೇಳಿದರೆಂದು ಅದರ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಾರದು. ಅವರು ಕಚೇರಿಗೆ ಬಂದಾಗ ಎದುರಿನಲ್ಲಿಯೇ ಸ್ಕ್ಯಾನ್ ಮಾಡಿಸಿ, ಆ ಕಿಟಕಿಯನ್ನು ಕೂಡಲೇ ಮುಚ್ಚಬೇಕು.